ಘಟ್ಟದಿಂದ ಕಡಲಿಗೆ: ಗೋವೆಯನ್ನು ಓದುವ ಒಂದು ಕ್ರಮ

ಗೋವೆಯೆಂದರೆ ಕಡಲತೀರ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ದೃಢವಾಗಿ ಬೇರೂರಿದೆ. ಅಧ್ಯಯನ ಪ್ರವಾಸಕ್ಕೆ ಸ್ಥಳವನ್ನು ಸೂಚಿಸಿರೆಂದಾಗ ಗೋವೆಯ ಹೆಸರು ಮೊದಲು ಕೇಳಿಬರುವುದೂ, ಆ ಹೆಸರನ್ನು ಕೇಳಿದ ಹಿರಿಯರು ಹುಬ್ಬೇರಿಸುವುದೂ ಇದೇ ಕಾರಣದಿಂದ. ಆದರೆ ಆ ಪುಟ್ಟ ರಾಜ್ಯದ ಮರಳಿನ ಅಂಚು ಅದರ ಒಂದು ಭಾಗ ಮಾತ್ರ. ಉಳಿದುದು ಕಾಡು, ಗುಡ್ಡ, ನದಿ, ದ್ವೀಪ ಮತ್ತು ಉಪ್ಪುನೀರಿನ ಗದ್ದೆ. ಕನ್ನಡವನ್ನು ಅಭ್ಯಸಿಸುವವರಿಗೆ ಇನ್ನೊಂದು ಸಂಗತಿಯೂ ಮುಖ್ಯ. ಕನ್ನಡ ನಾಡಿಗೂ ಗೋವೆಗೂ ಇರುವ ಹಳೆಯ ನಂಟಿನ ಕುರುಹುಗಳು ಪ್ರವಾಸಿಗರು ಕಿಕ್ಕಿರಿಯುವ ಜಾಗಗಳಲ್ಲಿಲ್ಲ. ಅವರು ವಿರಳವಾಗಿ ಹೋಗುವ ಒಳನಾಡಿನಲ್ಲಿವೆ.

ಆದುದರಿಂದ ಈ ಪಾಠವು ರೂಢಿಗೆ ವಿರುದ್ಧವಾದ ದಾರಿಯನ್ನು ಸೂಚಿಸುತ್ತದೆ. ಕಡಲಿನಿಂದ ಆರಂಭಿಸದೆ ಘಟ್ಟದಿಂದ ಇಳಿಯುತ್ತ, ನೀರು ಹರಿಯುವ ದಿಕ್ಕಿನಲ್ಲಿಯೇ ಗೋವೆಯನ್ನು ನೋಡುವುದು. ಹೀಗೆ ನೋಡುವಾಗ ಒಂದು ಎಚ್ಚರವೂ ಬೇಕು. ನಂಟನ್ನು ಗುರುತಿಸುವುದು ಬೇರೆ, ಹಕ್ಕನ್ನು ಹೂಡುವುದು ಬೇರೆ. ಈ ಎರಡರ ಅಂತರವನ್ನು ಕಲಿಯುವುದೇ ಈ ಪ್ರವಾಸದ ಮುಖ್ಯ ಪ್ರಯೋಜನವೆಂದು ಹೇಳಬಹುದು.

ನಾಲ್ಕು ಸೀಮೆಗಳು

ಗೋವೆಯ ವಿಸ್ತೀರ್ಣ 3,702 ಚದರ ಕಿಲೋಮೀಟರ್. ವಿಸ್ತೀರ್ಣದಲ್ಲಿ ಅದು ಭಾರತದ ಅತಿ ಚಿಕ್ಕ ರಾಜ್ಯ. ಉತ್ತರದಿಂದ ದಕ್ಷಿಣಕ್ಕೆ ಅದರ ಉದ್ದ ಸುಮಾರು 105 ಕಿ.ಮೀ., ಪೂರ್ವದಿಂದ ಪಶ್ಚಿಮಕ್ಕೆ ಅಗಲ ಸುಮಾರು 60 ಕಿ.ಮೀ. ಈ ಅರವತ್ತು ಕಿಲೋಮೀಟರುಗಳೊಳಗೆ ಭೂಮಿ ಸಹ್ಯಾದ್ರಿಯ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. ಈ ಇಳಿಜಾರನ್ನು ಅಭ್ಯಾಸದ ಅನುಕೂಲಕ್ಕಾಗಿ ನಾಲ್ಕು ಸೀಮೆಗಳಾಗಿ ವಿಂಗಡಿಸಿಕೊಳ್ಳೋಣ: ಘಟ್ಟದ ಸೀಮೆ, ದೇವಾಲಯಗಳ ಗುಡ್ಡಸೀಮೆ, ನದಿ ಹಾಗೂ ಗಜನಿಯ ಸೀಮೆ, ಕಡಲ ಸೀಮೆ.

ಇದರ ಜೊತೆಗೆ ಇತಿಹಾಸದ ಒಂದು ಗೆರೆಯನ್ನೂ ನೆನಪಿನಲ್ಲಿಡಬೇಕು. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಗೆದ್ದುಕೊಂಡರು. ಆ ಶತಮಾನದಲ್ಲಿ ಅವರ ಕೈಸೇರಿದ ತಿಸವಾಡಿ, ಬಾರ್ದೇಶ, ಸಾಸಷ್ಟಿ ಪ್ರದೇಶಗಳಿಗೆ ‘ಹಳೆಯ ಗೆಲುವುಗಳು’ ಎಂದು ಹೆಸರು. ಫೋಂಡಾ, ಡಿಚೋಲಿ, ಸತ್ತರಿ, ಪೆಡ್ಣೆ, ಸಾಂಗೆ, ಕೇಪೆ, ಕಾಣಕೋಣ ಮೊದಲಾದ ಒಳನಾಡು ಮತ್ತು ಅಂಚಿನ ಪ್ರದೇಶಗಳು ಅವರ ವಶವಾದದ್ದು 18ನೆಯ ಶತಮಾನದಲ್ಲಿ. ಇವು ‘ಹೊಸ ಗೆಲುವುಗಳು’. ಎರಡು ಶತಮಾನಗಳಿಗೂ ಹೆಚ್ಚಿನ ಈ ಅಂತರವೇ ಇಂದಿಗೂ ಗೋವೆಯ ನೋಟವನ್ನು ನಿರ್ಧರಿಸುತ್ತದೆ. ಚರ್ಚುಗಳ ಬಿಳಿಯ ಮುಖಗಳು ಮೊದಲನೆಯ ಭಾಗದಲ್ಲಿ ದಟ್ಟವಾಗಿವೆ. ದೇವಾಲಯಗಳ ದೀಪಸ್ತಂಭಗಳು ಎರಡನೆಯ ಭಾಗದಲ್ಲಿ.

ಘಟ್ಟದ ಸೀಮೆ

ಕರ್ನಾಟಕದಿಂದ ಗೋವೆಗಿಳಿಯಲು ಮೂರು ಮುಖ್ಯ ರಸ್ತೆಗಳಿವೆ: ಬೆಳಗಾವಿಯಿಂದ ಚೋರ್ಲಾ ಘಟ್ಟ, ರಾಮನಗರದಿಂದ ಅನಮೋಡ ಘಟ್ಟ, ಕಾರವಾರದಿಂದ ಕಾಣಕೋಣಕ್ಕೆ ಕರಾವಳಿಯ ಹೆದ್ದಾರಿ. ರೈಲಿನ ದಾರಿ ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುತ್ತದೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಈ ಕ್ಯಾಸಲ್‌ರಾಕ್ ಒಂದು ಕಾಲದಲ್ಲಿ ಬ್ರಿಟಿಷ್ ಭಾರತದ ಕೊನೆಯ ನಿಲ್ದಾಣವಾಗಿತ್ತು. ಅಲ್ಲಿಂದ ಮುಂದೆ ಪೋರ್ಚುಗೀಸರ ನಾಡು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಳ್ಳುವವರೆಗೂ ಅದು ಪರದೇಶದ ಗಡಿಯೇ ಆಗಿತ್ತು.

ಗಡಿಯುದ್ದಕ್ಕೂ ಗೋವೆಯ ಕಡೆ ವನ್ಯಧಾಮಗಳ ಒಂದು ಸಾಲೇ ಇದೆ. ಉತ್ತರದಿಂದ ದಕ್ಷಿಣಕ್ಕೆ ಮಹದಾಯಿ, ಭಗವಾನ್ ಮಹಾವೀರ, ನೇತ್ರಾವಳಿ, ಖೋತಿಗಾಂವ್. ನಮ್ಮ ಕಡೆಯ ಭೀಮಗಡ ವನ್ಯಧಾಮ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳೊಂದಿಗೆ ಇವನ್ನು ಸೇರಿಸಿ ನೋಡಿದರೆ ಅದೊಂದೇ ಕಾಡು. ಗಡಿಕಲ್ಲು ಮನುಷ್ಯರಿಗೆ ಮಾತ್ರ. ಜೋಯಿಡಾದ ಕುಣಬಿ ಸಮುದಾಯದವರು ತಮ್ಮ ಮೂಲವನ್ನು ಗೋವೆಯಲ್ಲಿ ಹೇಳಿಕೊಳ್ಳುತ್ತಾರೆ. ಗೋವೆಯ ಒಳನಾಡಿನಲ್ಲಿಯೂ ಕುಣಬಿಗಳಿದ್ದಾರೆ. ಜಾನಪದವನ್ನು ಅಧ್ಯಯನ ಮಾಡುವವರು ಗಡಿಯ ಎರಡೂ ಬದಿಯ ಹಾಡು, ಬೇಸಾಯ, ಗೆಡ್ಡೆಗೆಣಸುಗಳ ಬಳಕೆಯನ್ನು ಹೋಲಿಸಲು ಇಲ್ಲಿ ವಿಪುಲವಾದ ಅವಕಾಶವಿದೆ.

ಈ ಸೀಮೆಯ ಪ್ರಸಿದ್ಧ ತಾಣ ದೂಧಸಾಗರ. ಸುಮಾರು 310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಧುಮುಕುವ ಈ ಜಲಪಾತದ ನಡುವೆಯೇ ರೈಲು ಹಳಿ ಹಾದುಹೋಗಿದೆ. ಮಳೆಗಾಲದಲ್ಲಿ ಅದು ತುಂಬಿ ಹರಿಯುವಾಗ ಕುಳೆಯಿಂದ ಹೊರಡುವ ಜೀಪುಗಳು ನಿಂತುಹೋಗುತ್ತವೆ. ಮಳೆ ತಗ್ಗಿದ ಮೇಲೆ ಮತ್ತೆ ಆರಂಭವಾಗುತ್ತವೆ. ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೋಗುವುದನ್ನು ರೈಲ್ವೆ ನಿಷೇಧಿಸಿದೆ. ಹಾಗೆ ನಡೆದುಹೋಗುವುದು ಸಾಹಸವಲ್ಲ, ಅಪರಾಧ ಮತ್ತು ಅಪಾಯ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಇದೇ ಮಾರ್ಗವನ್ನು ಜೋಡಿಹಳಿಯಾಗಿಸುವ ಯೋಜನೆಗೆ ಮೊಲೆಂ ಕಾಡಿನ ಉಳಿವಿಗಾಗಿ ಗೋವೆಯ ಜನ ವಿರೋಧ ಒಡ್ಡಿದರು. ಕ್ಯಾಸಲ್‌ರಾಕ್ ಮತ್ತು ಕುಳೆಯ ನಡುವಿನ ಭಾಗಕ್ಕೆ ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು.

ದೂಧಸಾಗರದ ನೀರು ಸೇರುವುದು ಮಾಂಡವಿಯನ್ನು. ಆ ಮಾಂಡವಿಯ ಮೇಲಣ ಹೆಸರೇ ಮಹದಾಯಿ. ಅದು ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ. ಕಳಸಾ-ಬಂಡೂರಿಯ ಹೋರಾಟವನ್ನು ನಾವು ನರಗುಂದ, ನವಲಗುಂದದ ರೈತರ ಬಾಯಾರಿಕೆಯಾಗಿ ಬಲ್ಲೆವು. ಗೋವೆಯವರು ಅದನ್ನು ತಮ್ಮ ಕಾಡು, ಅಳಿವೆ ಮತ್ತು ಕುಡಿಯುವ ನೀರಿನ ಪ್ರಶ್ನೆಯಾಗಿ ಬಲ್ಲರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿಕೆ ಮಾಡಿತು. ಆ ತೀರ್ಪನ್ನು ಪ್ರಶ್ನಿಸಿ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ನದಿಯ ಎರಡೂ ತುದಿಗಳನ್ನು ಕಣ್ಣಾರೆ ಕಂಡವರ ಮಾತಿಗೆ ಈ ವಿವಾದದಲ್ಲಿ ಬೇರೆಯೇ ತೂಕವಿರುತ್ತದೆ.

ಕಾಡಿನ ನಡುವೆ, ಸುರ್ಲಾ ಹೊಳೆಯ ದಡದಲ್ಲಿರುವ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವನ್ನು ನಮ್ಮ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. 12-13ನೆಯ ಶತಮಾನಗಳ ಈ ಗುಡಿ ಗೋವೆಯ ಕದಂಬರ ಕಾಲದ್ದು. ಗರ್ಭಗೃಹ, ಅಂತರಾಳ, ಕಂಬಗಳುಳ್ಳ ಮಂಟಪ, ಮಂಟಪದ ನಡುವೆ ತಲೆ ಮುರಿದ ನಂದಿ, ಮೇಲ್ಛಾವಣಿಯಲ್ಲಿ ಅರಳಿದ ಕಮಲ, ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆ. ಲಕ್ಕುಂಡಿ, ಇಟಗಿಗಳ ಗುಡಿಗಳನ್ನು ನೋಡಿದ ಕಣ್ಣಿಗೆ ಇದು ಅಪರಿಚಿತವೆನಿಸದು. ಸುತ್ತಲ ನೆಲ ಚಿರೆಕಲ್ಲಿನದು. ಗುಡಿಯಾದರೋ ಕಪ್ಪು ಬಸಾಲ್ಟ್ ಶಿಲೆಯದು. ಆ ಕಲ್ಲು ಘಟ್ಟದ ಮೇಲಿನಿಂದ ಬಂದಿರಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಕರಾವಳಿಯ ಗುಡಿಗಳೆಲ್ಲ ನಾಶವಾದಾಗ ಇದು ಉಳಿದುಕೊಂಡದ್ದು ತನ್ನ ದುರ್ಗಮತೆಯಿಂದ.

ಈ ಘಟ್ಟಸೀಮೆಯ ದಕ್ಷಿಣದಲ್ಲಿ, ಕುಶಾವತಿ ನದಿಯ ದಡದ ಉಸಗಾಳಿಮಳ್‌ನಲ್ಲಿ ಚಿರೆಕಲ್ಲಿನ ಹಾಸಿನ ಮೇಲೆ ಪ್ರಾಗೈತಿಹಾಸಿಕ ಜನರು ಕೊರೆದ ಗೂಳಿ, ಜಿಂಕೆ, ಮನುಷ್ಯಾಕೃತಿಗಳು ಮತ್ತು ಒಂದು ಸುಳಿಸುಳಿಯಾದ ಚಕ್ರವ್ಯೂಹದ ರೇಖಾಚಿತ್ರ ಇವೆ. ಇವು ವಿದ್ವಾಂಸರ ಗಮನಕ್ಕೆ ಬಂದದ್ದು 1993ರಲ್ಲಿ. ಭಾಷೆಗಳ ಹೆಸರು ಹುಟ್ಟುವ ಎಷ್ಟೋ ಮೊದಲು ಈ ನೆಲದಲ್ಲಿ ಜನರಿದ್ದರೆಂಬುದನ್ನು ಆ ಬಂಡೆ ನೆನಪಿಸುತ್ತದೆ.

ದೇವಾಲಯಗಳ ಗುಡ್ಡಸೀಮೆ

ಘಟ್ಟವಿಳಿದರೆ ಫೋಂಡಾ ಮತ್ತು ಡಿಚೋಲಿಗಳ ಗುಡ್ಡಗಳು, ಅವುಗಳ ಕಣಿವೆಗಳಲ್ಲಿ ಅಡಕೆ, ತೆಂಗು, ಕಾಳುಮೆಣಸಿನ ತೋಟಗಳು. ಸಿರಸಿ, ಅಂಕೋಲೆಗಳ ವಿದ್ಯಾರ್ಥಿಗೆ ಇದು ತನ್ನೂರೇ ಎನಿಸುವಷ್ಟು ಹೋಲಿಕೆಯಿದೆ.

ಫೋಂಡಾದ ಸುತ್ತಲಿರುವ ದೇವಾಲಯಗಳಲ್ಲಿ ಹಲವು ಅಲ್ಲಿಯೇ ಹುಟ್ಟಿದವಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಮ್ಮ ಅಧಿಕಾರದ ಪ್ರದೇಶದಲ್ಲಿ ಗುಡಿಗಳನ್ನು ಕೆಡವತೊಡಗಿದಾಗ ಭಕ್ತರು ದೇವರನ್ನು ಹೊತ್ತು ನದಿ ದಾಟಿದರು. ಕುಶಸ್ಥಳಿಯ ಮಂಗೇಶ ಮಂಗೇಶಿಗೆ, ವೆರ್ಣೆಯ ಮಹಾಲಸೆ ಮಾರ್ದೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದದ್ದು ಹೀಗೆ. ಅದೇ ಭಯದಿಂದ ಹೊರಟ ಅನೇಕ ಕುಟುಂಬಗಳು ಇನ್ನೂ ದಕ್ಷಿಣಕ್ಕೆ ಸರಿದು ಕಾರವಾರ, ಕುಮಟೆ, ಮಂಗಳೂರು, ಕಾಸರಗೋಡುಗಳಲ್ಲಿ ನೆಲೆಸಿದವು. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಕಾದಂಬರಿಯ ವಸ್ತು ಈ ವಲಸೆಯೇ. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಪ್ರವಾಸಕ್ಕೆ ಮೊದಲು ಅದನ್ನು ಓದುವುದು ಒಳಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಫೋಂಡಾ ವಿಹಾರದ ಊರಲ್ಲ, ಕುಲದೇವರ ಊರು. ಆ ಕುಟುಂಬಗಳು ಇಂದು ಮನೆಯಲ್ಲಿ ಕೊಂಕಣಿಯನ್ನಾಡುತ್ತ ಕನ್ನಡದಲ್ಲಿ ಓದಿ ಬರೆಯುತ್ತಿವೆ.

ಇದಕ್ಕೆ ಎದುರಾದ ಪ್ರಯಾಣವೂ ನಡೆದಿದೆ. ಸಿರಸಿಯ ಬಳಿಯ ಸೋದೆಯ ಅರಸರ ಆಳ್ವಿಕೆ ಒಮ್ಮೆ ಫೋಂಡಾ ಮತ್ತು ಕಾಣಕೋಣದವರೆಗೂ ಹಬ್ಬಿತ್ತು. 1760ರ ದಶಕದಲ್ಲಿ ಹೈದರಾಲಿಯ ಸೇನೆ ಸೋದೆಯನ್ನು ಮುತ್ತಿದಾಗ ಅಲ್ಲಿಯ ಅರಸ ಪೋರ್ಚುಗೀಸರ ಆಶ್ರಯವನ್ನು ಬೇಡಿ ಗೋವೆಗೆ ಬಂದ. ಅವನ ವಂಶದವರು ಬಾಂದಿವಡೆಯಲ್ಲಿ ನೆಲೆನಿಂತರು. ಆ ಸೀಮೆ ಪೋರ್ಚುಗೀಸರ ಪಾಲಾಯಿತು. ದೇವರು ಆಶ್ರಯ ಪಡೆದ ಫೋಂಡಾದಲ್ಲಿಯೇ ಕನ್ನಡ ನಾಡಿನ ಅರಸನೂ ಆಶ್ರಯ ಪಡೆದನು.

ಡಿಚೋಲಿ ತಾಲ್ಲೂಕಿನ ನಾರ್ವೆಯಲ್ಲಿರುವ ಸಪ್ತಕೋಟೇಶ್ವರ ಗೋವೆಯ ಕದಂಬರ ಕುಲದೈವ. ಮೂಲಗುಡಿ ದಿವಾಡಿ ದ್ವೀಪದಲ್ಲಿತ್ತು. ಬಹಮನಿಗಳ ಕಾಲದಲ್ಲಿ ಹಾಳಾದ ಆ ಸ್ಥಾನವನ್ನು 14ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಮಾಧವ ಮಂತ್ರಿ ಉದ್ಧರಿಸಿದನು. ಪೋರ್ಚುಗೀಸರು ಮತ್ತೆ ಕೆಡವಿದರು. 1668ರಲ್ಲಿ ಶಿವಾಜಿಯು ನಾರ್ವೆಯ ಗುಡಿಯನ್ನು ಕಟ್ಟಿಸಲು ಆಜ್ಞಾಪಿಸಿದನು. ಕನ್ನಡ, ಮರಾಠಿ, ಕೊಂಕಣಿ ನಾಡುಗಳ ನೆನಪುಗಳು ಒಂದೇ ಲಿಂಗದ ಸುತ್ತ ಹೆಣೆದುಕೊಂಡಿವೆ.

ನದಿ ಹಾಗೂ ಗಜನಿಯ ಸೀಮೆ

ಮಾಂಡವಿ ಮತ್ತು ಜುವಾರಿ ನದಿಗಳು ಕಡಲನ್ನು ಸಮೀಪಿಸುವಾಗ ಅಗಲವಾಗಿ ಹರಡುತ್ತವೆ. ಭರತದ ವೇಳೆ ಉಪ್ಪುನೀರು ಬಹುದೂರ ಒಳನುಗ್ಗುತ್ತದೆ. ಈ ನೀರಿಗೆ ಒಡ್ಡು ಕಟ್ಟಿ, ತೂಬಿನ ಬಾಗಿಲುಗಳನ್ನಿಟ್ಟು, ಒಂದು ಹಂಗಾಮಿನಲ್ಲಿ ಭತ್ತವನ್ನೂ ಇನ್ನೊಂದರಲ್ಲಿ ಮೀನು-ಸಿಗಡಿಯನ್ನೂ ಬೆಳೆಯುವ ಪದ್ಧತಿ ಗೋವೆಯಲ್ಲಿ ಬಹು ಪುರಾತನವಾದುದು. ಅಲ್ಲಿ ಇಂಥ ನೆಲಕ್ಕೆ ‘ಖಾಜನ್’ ಎನ್ನುತ್ತಾರೆ. ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ನಾವು ‘ಗಜನಿ’ ಎನ್ನುವುದು ಇದನ್ನೇ. ಗೋವೆಯ ಉಪ್ಪು ತಾಳುವ ಭತ್ತ ಕೊರ್ಗುಟ್, ನಮ್ಮದು ಕಗ್ಗ. ಪದವೂ ಬೆಳೆಯೂ ಹೀಗೆ ಒಂದಕ್ಕೊಂದು ಉತ್ತರ ಕೊಡುವುದನ್ನು ಗದ್ದೆಯ ಒಡ್ಡಿನ ಮೇಲೆ ನಿಂತು ನೋಡಿದಾಗ ಕರಾವಳಿಯ ಬದುಕು ರಾಜ್ಯಗಳ ಗಡಿಗಿಂತ ಹಿರಿದೆಂಬುದು ಮನವರಿಕೆಯಾಗುತ್ತದೆ. ಒಡ್ಡು ಒಡೆದರೆ ಒಬ್ಬನ ಗದ್ದೆಯಲ್ಲ, ಊರಿನ ಗದ್ದೆ ಹಾಳು. ಆದುದರಿಂದ ಅದನ್ನು ಕಾಯುವುದು ಊರಿನ ಒಟ್ಟು ಹೊಣೆಯಾಗಿತ್ತು. ಇಂದು ಆ ಒಟ್ಟು ಹೊಣೆ ಸಡಿಲಗೊಂಡಲ್ಲೆಲ್ಲ ಉಪ್ಪುನೀರು ಗದ್ದೆಯನ್ನು ನುಂಗುತ್ತಿದೆ.

ಚೋಡಣ ದ್ವೀಪದ ಕಾಂಡ್ಲಾ ಗಿಡಗಳ ನಡುವೆ ಸಲೀಂ ಅಲಿ ಹೆಸರಿನ ಪಕ್ಷಿಧಾಮವಿದೆ. ರಾಯಬಂದರದಿಂದ ದೋಣಿಯಲ್ಲಿ ಅಲ್ಲಿಗೆ ಹೋಗಬಹುದು. ಹಳೆಯ ಗೋವೆಯ ಚರ್ಚುಗಳು ಮತ್ತು ಮಠಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಾಂ ಜೀಸಸ್ ಬೆಸಿಲಿಕಾದ ಕೆಂಪು ಚಿರೆಕಲ್ಲಿನ ಗೋಡೆಗಳನ್ನು ನೋಡುವಾಗ, ಅದೇ ಕಲ್ಲಿನಿಂದ ನಮ್ಮ ಕರಾವಳಿಯ ಮನೆಗಳೂ ಎದ್ದಿವೆಯೆಂಬುದು ನೆನಪಾಗದಿರದು.

ಪ್ರವಾಸಿಗರು ಹಳೆಯ ಗೋವೆಯಲ್ಲಿ ನಿಂತುಬಿಡುತ್ತಾರೆ. ಅದಕ್ಕಿಂತಲೂ ಹಳೆಯ ಗೋವೆ ಜುವಾರಿಯ ದಡದಲ್ಲಿದೆ. ಇಂದಿನ ಗೋವಾ ವೆಲ್ಹಾ ಮತ್ತು ಪಿಲಾರ್‌ಗಳ ಪ್ರದೇಶವೇ ಕದಂಬರ ಗೋಪಕಪಟ್ಟಣ. ಅದಕ್ಕೂ ಮೊದಲಿನ ರಾಜಧಾನಿ ಚಂದ್ರಪುರ. ಅದು ಸಾಸಷ್ಟಿಯ ಚಾಂದೋರ್. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿಯ ಕಾಲಕ್ಕೆ ರಾಜಧಾನಿ ಬಂದರಿನ ಬಳಿಗೆ ಸರಿಯಿತು. ಎರಡನೆಯ ಜಯಕೇಶಿಯ ರಾಣಿ ಮೈಲಳದೇವಿ ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಮಗಳು. ಖಾನಾಪುರ ತಾಲ್ಲೂಕಿನ ಹಲಸಿ ಈ ವಂಶದ ಇನ್ನೊಂದು ರಾಜಧಾನಿ; ಕಿತ್ತೂರಿನ ಬಳಿಯ ದೇಗಾವೆಯ ಕಮಲನಾರಾಯಣ ಗುಡಿ ರಾಣಿ ಕಮಲಾದೇವಿಯದು. ಹೀಗೆ ಘಟ್ಟದ ಮೇಲೂ ಕೆಳಗೂ ಹಬ್ಬಿದ್ದ ಒಂದೇ ಆಳ್ವಿಕೆಯ ನೆನಪು ಗೋವೆಯಲ್ಲಿ ಇಂದಿಗೂ ಅಳಿದಿಲ್ಲ. ಅಲ್ಲಿಯ ಸರ್ಕಾರಿ ಬಸ್ಸುಗಳ ನಿಗಮದ ಹೆಸರೇ ‘ಕದಂಬ’.

ಕಡಲ ಸೀಮೆ

ಕಡಲತೀರವೂ ಎಲ್ಲೆಡೆ ಒಂದೇ ಬಗೆಯದಲ್ಲ. ಬಾರ್ದೇಶದ ಕಲಂಗುಟ್, ಬಾಗಾಗಳಲ್ಲಿ ಜನಜಂಗುಳಿ. ಸಾಸಷ್ಟಿಯ ಕೋಲ್ವಾ, ಬಾಣಾವಳಿಗಳಲ್ಲಿ ಉದ್ದನೆಯ ಬಿಳಿಯ ಮರಳು. ಕಾಣಕೋಣದ ಪಾಳೊಳೆ, ಆಗೊಂದಗಳಲ್ಲಿ ಕಾಡುಗುಡ್ಡಗಳ ನಡುವಿನ ಕಿರುಕೊಲ್ಲಿಗಳು. ಉತ್ತರದ ಮೋರ್ಜಿ, ದಕ್ಷಿಣದ ಆಗೊಂದ ಮತ್ತು ಗಾಲಜಿಬಾಗಗಳ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ದಡದ ಪ್ರಖರ ದೀಪಗಳು ಮರಿಗಳ ದಾರಿಯನ್ನು ತಪ್ಪಿಸುತ್ತವೆ. ರಾತ್ರಿ ತೀರದಲ್ಲಿ ಮೊಬೈಲಿನ ಬೆಳಕನ್ನು ಬೆಳಗಿಸುವ ಮೊದಲು ಇದು ನೆನಪಿರಲಿ.

ಈ ಸೀಮೆಯಲ್ಲಿ ನಾವು ಕಾಣಲೇಬೇಕಾದ ಇನ್ನೊಂದು ಊರು ವಾಸ್ಕೊ. ಅಲ್ಲಿ ನೋಡತಕ್ಕ ತಾಣಗಳು ಹೆಚ್ಚಿಲ್ಲ; ಕೇಳತಕ್ಕ ಕನ್ನಡ ಬಹಳವಿದೆ. 2011ರ ಜನಗಣತಿಯಂತೆ ಗೋವೆಯ ಜನರಲ್ಲಿ ಶೇಕಡಾ 4.65ರಷ್ಟು ಮಂದಿಯ ಮಾತೃಭಾಷೆ ಕನ್ನಡ. ಅವರಲ್ಲಿ ಬಹುಮಂದಿ ಉತ್ತರ ಕರ್ನಾಟಕದ ಬರದ ಸೀಮೆಗಳಿಂದ ಬಂದವರು. ಬಂದರು, ಕಟ್ಟಡ, ರಸ್ತೆ, ಮೀನು, ಹೋಟೆಲುಗಳಲ್ಲಿ ದುಡಿಯುವವರು. ಬೈನಾ ತೀರದಲ್ಲಿ ಅವರ ಗುಡಿಸಲುಗಳನ್ನು ತೆರವುಗೊಳಿಸಿದ ಸಂದರ್ಭಗಳು ಎರಡೂ ರಾಜ್ಯಗಳಲ್ಲಿ ಚರ್ಚೆಗೆ ಒಳಗಾದವು. ಒಮ್ಮೆ ಬಿಜಾಪುರದ ಸುಲ್ತಾನರು ಗೋವೆಯನ್ನು ಆಳಿದರು. ಪಣಜಿಯ ಹಳೆಯ ಸಚಿವಾಲಯದ ಕಟ್ಟಡ ಮೂಲತಃ ಅವರ ಅರಮನೆ. ಇಂದು ಆ ಸೀಮೆಯ ಜನ ಗೋವೆಯ ಕಟ್ಟಡಗಳಿಗೆ ಕಲ್ಲು ಹೊರುತ್ತಿದ್ದಾರೆ. ಗೋವೆಯ ಕನ್ನಡದ ಚರಿತ್ರೆಯೆಂದರೆ ಅರಸರ ಚರಿತ್ರೆ ಮಾತ್ರವಲ್ಲ. ಇವರ ಚರಿತ್ರೆಯನ್ನೂ ಬರೆಯಬೇಕಾಗಿದೆ.

ಶಾಸನ ಹೇಳುವುದು, ಹೇಳದಿರುವುದು

ಕೇಪೆ ತಾಲ್ಲೂಕಿನ ಕಾಕೋಡಾದ ಮಹಾದೇವ ದೇವಾಲಯದಲ್ಲಿ ದೊರೆತ, ಸುಮಾರು 10ನೆಯ ಶತಮಾನದ್ದೆಂದು ಹೇಳಲಾದ ಶಾಸನವೊಂದು 2023ರಲ್ಲಿ ಸುದ್ದಿಯಾಯಿತು. ಕನ್ನಡ ಮತ್ತು ನಾಗರಿ ಲಿಪಿಗಳಲ್ಲಿರುವ ಆ ಶಾಸನ, ಗೋವೆಯ ಬಂದರನ್ನು ಗೆಲ್ಲಬೇಕೆಂಬ ತಂದೆಯ ಬಯಕೆಯನ್ನು ಈಡೇರಿಸಲು ಹೋರಾಡಿ ಮಡಿದ ಗುಂಡಯ್ಯನೆಂಬ ವೀರನನ್ನು ಸ್ಮರಿಸುತ್ತದೆ. ಇಂಥ ಶಾಸನವನ್ನು ಕಂಡೊಡನೆ ಗೋವೆಯೆಲ್ಲ ಕನ್ನಡವಾಗಿತ್ತೆಂದು ಘೋಷಿಸುವ ಉತ್ಸಾಹ ಸಹಜ. ಆದರೆ ಶಾಸನದ ಭಾಷೆ ಆಡಳಿತದ, ಬರೆಸಿದವರ, ಬರೆದವರ ಭಾಷೆ. ಆ ಊರಿನ ಒಕ್ಕಲು ಮನೆಯಲ್ಲಿ ಯಾವ ಮಾತನಾಡುತ್ತಿದ್ದನೆಂಬುದನ್ನು ಅದೊಂದೇ ಹೇಳಲಾರದು. ಕನ್ನಡಕ್ಕೆ ಅಲ್ಲಿ ಗೌರವದ ಸ್ಥಾನವಿತ್ತೆಂಬುದಕ್ಕೆ ಅದು ಸಾಕ್ಷಿ. ಬೇರೊಂದು ಭಾಷೆ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಇದಕ್ಕೆ ಇನ್ನೊಂದು ಒಳ್ಳೆಯ ನಿದರ್ಶನವುಂಟು. ಇಂಗ್ಲೆಂಡಿನಿಂದ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ ವ್ಯಾಕರಣ 1640ರಲ್ಲಿ ಸಾಸಷ್ಟಿಯ ರಾಯತೂರಿನಲ್ಲಿ ಮುದ್ರಿತವಾಯಿತು. ಅದರ ಶೀರ್ಷಿಕೆಯಲ್ಲಿರುವ ಭಾಷೆಯ ಹೆಸರು ‘ಕಾನಾರಿಂ’. ಹೆಸರನ್ನಷ್ಟೇ ಓದಿದವರು ಅದನ್ನು ಕನ್ನಡದ ವ್ಯಾಕರಣವೆಂದು ಹೆಮ್ಮೆಪಟ್ಟಾರು. ಒಳಗಿರುವುದು ಕೊಂಕಣಿಯ ವ್ಯಾಕರಣ. ಕರಾವಳಿಯ ಜನರಿಗೆ ಪೋರ್ಚುಗೀಸರಿಟ್ಟ ಹೆಸರು ಅವರ ಭಾಷೆಗೂ ಅಂಟಿಕೊಂಡಿತ್ತು. ಮತ್ತೊಂದು ಕಡೆ, ಹಳೆಯ ಗೋವೆಯಲ್ಲಿ ಕೊಂಕಣಿ-ಮರಾಠಿಗಳನ್ನು ಬರೆಯಲು ಬಳಕೆಯಲ್ಲಿದ್ದ ಗೋಯ್ಕಾನಡಿ ಲಿಪಿ ಕನ್ನಡ ಲಿಪಿಯ ಬಂಧು. ಕೊಟ್ಟದ್ದರಂತೆ ಪಡೆದುದೂ ಇದೆ: ಚಾವಿ, ಅಲಮಾರು, ಬಟಾಟೆ, ಪಾದ್ರಿ ಮೊದಲಾದ ಪದಗಳು ಪೋರ್ಚುಗೀಸ್ ಮೂಲದಿಂದ ನಮ್ಮ ಮಾತಿಗೆ ಬಂದು ಸೇರಿವೆ.

ಹೀಗೆ ಘಟ್ಟದಿಂದ ಕಡಲಿಗೆ ಇಳಿದು ನೋಡಿದವರಿಗೆ ಗೋವೆ ನಮ್ಮ ಕಳೆದುಹೋದ ಸೊತ್ತಾಗಿಯೂ ಕಾಣುವುದಿಲ್ಲ, ಬರಿಯ ಮೋಜಿನ ತಾಣವಾಗಿಯೂ ಕಾಣುವುದಿಲ್ಲ. ನದಿ, ಕಾಡು, ದೇವರು, ಪದ, ದುಡಿಮೆಗಳಲ್ಲಿ ನಮ್ಮೊಡನೆ ಬೆಸೆದುಕೊಂಡೂ ತನ್ನದೇ ಮಾತನ್ನು ಉಳಿಸಿಕೊಂಡಿರುವ ನೆರೆನಾಡಾಗಿ ಕಾಣುತ್ತದೆ.

ಪ್ರವಾಸದಲ್ಲಿ ಗಮನಿಸಬೇಕಾದ ಪ್ರಶ್ನೆಗಳು

1. ತಾಂಬಡಿ ಸುರ್ಲಾದ ಗುಡಿಯನ್ನು ನೀವು ನೋಡಿರುವ ಚಾಳುಕ್ಯ ಅಥವಾ ಹೊಯ್ಸಳ ಗುಡಿಯೊಂದರೊಡನೆ ಹೋಲಿಸಿರಿ. ಸಾಮ್ಯಗಳಷ್ಟೇ ಅಲ್ಲದೆ ಭೇದಗಳನ್ನೂ ಪಟ್ಟಿಮಾಡಿರಿ.

2. ಖಾಜನ್ ಗದ್ದೆಗೆ ಸಂಬಂಧಿಸಿದ ಕೊಂಕಣಿ ಪದಗಳನ್ನು ಅಲ್ಲಿಯ ರೈತರಿಂದ ಕೇಳಿ ಬರೆದುಕೊಳ್ಳಿರಿ. ಕುಮಟೆ-ಅಂಕೋಲೆಗಳ ಗಜನಿ ಪದಗಳೊಡನೆ ಹೋಲಿಸಿರಿ.

3. ನಿಮ್ಮ ಮನೆಮಾತಿನಲ್ಲಿರುವ ಪೋರ್ಚುಗೀಸ್ ಮೂಲದ ಹತ್ತು ಪದಗಳನ್ನು ಗುರುತಿಸಿರಿ.

4. ವಾಸ್ಕೊದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಮೂರು ತಲೆಮಾರುಗಳು ಮನೆಯಲ್ಲಿ, ಶಾಲೆಯಲ್ಲಿ, ಕೆಲಸದಲ್ಲಿ ಯಾವ ಯಾವ ಭಾಷೆಯನ್ನು ಬಳಸುತ್ತವೆ? ಅವರ ಅನುಮತಿ ಪಡೆದು, ಹೆಸರನ್ನು ನಮೂದಿಸದೆ ದಾಖಲಿಸಿರಿ.

5. ಮಹದಾಯಿಯ ನೀರಿನ ಬಗ್ಗೆ ಗೋವೆಯವರೊಬ್ಬರ ವಾದವನ್ನು, ಅವರು ಕೇಳಿದರೆ ‘ಸರಿಯಾಗಿ ಹೇಳಿದಿರಿ’ ಎನ್ನುವಂತೆ, ಒಂದು ಪುಟದಲ್ಲಿ ಬರೆಯಿರಿ. ನಿಮ್ಮ ಉತ್ತರವನ್ನು ಆಮೇಲೆ ಬರೆಯಿರಿ.